ಟ್ರಂಪೆಟ್, ತುಟಿ ಮತ್ತು ಅಕ್ಕನ ಮದುವೆ

ಟ್ರಂಪೆಟ್‌ನಲ್ಲಿ ಇರೋದು ಮೂರೇ ಗುಂಡಿ. ಅದೇ ಬೆರಳಲ್ಲಿ ಕೆಳಗಿನ ಸ್ವರವೂ ಬರುತ್ತೆ, ಮೇಲಿನದೂ ಬರುತ್ತೆ. ವ್ಯತ್ಯಾಸ ಮಾಡೋದು ತುಟಿ ಮತ್ತು ಉಸಿರು. ಇದು ತಲೆಗೆ ಹೋಗುವ ಮುಂಚೆ ನನ್ನದೊಂದೇ ಉಪಾಯ: ಮೌತ್‌ಪೀಸನ್ನು ಹಲ್ಲಿಗೆ ಒತ್ತುವುದು. ಇನ್ನೂ ಮೇಲೆ ಬೇಕಾ? ಇನ್ನೂ ಒತ್ತು. ಸ್ವರ ಬರುತ್ತೆ, ಸುಳ್ಳಲ್ಲ. ಎರಡು ನಿಮಿಷ. ಆಮೇಲೆ ರಕ್ತ ಓಡದ ತುಟಿ ಕಂಪಿಸೋದನ್ನೇ ಬಿಡುತ್ತೆ.

ಅಕ್ಕನ ಆರತಕ್ಷತೆಯಲ್ಲಿ ಅವಳಿಷ್ಟದ ಹಾಡು ನುಡಿಸ್ತೀನಿ ಅಂತ ಮಾತು ಕೊಟ್ಟಿದ್ದೆ. ಹಿಂದಿನ ರಾತ್ರಿ ಮೂರು ಗಂಟೆ ಒತ್ತಿದೆ. ಬೆಳಗ್ಗೆ ತುಟಿ ಜಾಮೂನಾಗಿತ್ತು. ಸಂಜೆ ವೇದಿಕೆ ಹತ್ತಿ ಊದಿದರೆ ಬಂದದ್ದು ಬರೀ ಗಾಳಿ. ಅಕ್ಕ ನಗಲೂ ಇಲ್ಲ, ಬೈಯಲೂ ಇಲ್ಲ, ಸುಮ್ಮನೆ ನೋಡಿದಳು. ಪುಣ್ಯಕ್ಕೆ ಆರ್ಕೆಸ್ಟ್ರಾದವರು ಡ್ರಮ್ ಬಾರಿಸಿ ಮಾನ ಉಳಿಸಿದರು. ಮದುವೆ ವಿಡಿಯೊದ ಆ ಭಾಗವನ್ನು ನಾನಿನ್ನೂ ನೋಡಿಲ್ಲ.

ಹಾಗಾಗಿ ಸಲಹೆ ಕೊಡೋ ಯೋಗ್ಯತೆ ನನಗಿದೆ. ತುಟಿಯ ಮೂಲೆಗಳು ಬಿಗಿ ಇರಲಿ, ನಡುಭಾಗ ಕಂಪಿಸಲಿ. ನಾಲಿಗೆ 'ಆ'ದಿಂದ 'ಈ'ಗೆ ಏರಿದರೆ ಗಾಳಿ ಚುರುಕಾಗುತ್ತೆ. ಮೆಲ್ಲಗೆ ನುಡಿಸಿ, ನುಡಿಸಿದಷ್ಟೇ ಹೊತ್ತು ಸುಮ್ಮನಿರಿ. ತಿಂಗಳಿಗೆ ಅರ್ಧ ಸ್ವರ ಮೇಲೇರಿದರೂ ನಮ್ಮ ಆಫೀಸಿನ ಇನ್‌ಕ್ರಿಮೆಂಟ್‌ಗಿಂತ ವಾಸಿ. ಹಟ ಬೇಡ. ಲೂಯಿ ಆರ್ಮ್‌ಸ್ಟ್ರಾಂಗ್ ಅಂಥವರ ತುಟಿಯೇ ಗಾಯಗೊಂಡು ಗಟ್ಟಿಯಾಗಿತ್ತು, ಇನ್ನು ವೀಕೆಂಡ್ ಕಲಾವಿದರದ್ದು ಯಾವ ಲೆಕ್ಕ?

ಮೊನ್ನೆ ಒತ್ತದೇ ಹೈ ಜಿ ಬಂತು! ಕೈ ನಡುಗುತ್ತಲೇ ರೆಕಾರ್ಡ್ ಮಾಡಿ ಅಕ್ಕನಿಗೆ ಕಳಿಸಿದೆ.

"ಮೊದಲು ಕುಕ್ಕರ್ ಆಫ್ ಮಾಡೋ, ಏನೂ ಕೇಳಿಸ್ತಿಲ್ಲ" ಅಂತ ಉತ್ತರ ಬಂತು.