ಮೊಬೈಲನ್ಯಾಗ ಛಂದ, ಊರ ಮುಂದ ಗಲೀಜ?

ಹ್ವಾದ ವಾರ ನಮ್ಮ ಹೆಣ್ಮಕ್ಕಳ ಗುಂಪಿನ್ಯಾಗ ಒಂದು ವಿಡಿಯೋ ಬಂತು. ಅಮೆರಿಕಾದಾಗ ಗಂಡ ಹೆಂಡ್ತಿ ಇಬ್ಬರು ಒಂದು ಸಣ್ಣ ಕಟಗಿ ಮನಿಗಿ ಗಾಲಿ ಹಚ್ಚಿ, ಗಾಡಿ ಹಿಂದ ಕಟ್ಟಿ ಎಳಕೊಂಡು ಹೊಸಾ ಊರಿಗಿ ಹೊಂಟಾರ. ಒಳಗ ಅಡಗಿ ಕಟ್ಟಿ, ಮ್ಯಾಲ ಹಾಸಗಿ, ಕಿಡಕಿಗಿ ಪಡದಾ. ಅಲ್ಲಿ ಅಂಥಾ ಮನಿ ಎಂಟೂವರಿ ಫೂಟಿಗಿಂತ ಅಗಲ ಇದ್ರ ರಸ್ತಾಕ್ಕ ಎಳೀಲಿಕ್ಕ ಬ್ಯಾರೆ ಪರವಾನಗಿ ಬೇಕು. "ಎಷ್ಟ್ ಛಂದ ಅದ ನೋಡ್ರಿ ವೈನಿ, ನಮಗೂ ಇಂಥಾದೊಂದು ಇರಬೇಕಿತ್ತು" ಅಂತ ಹತ್ತು ಮಂದಿ ಬರದ್ರಿ. ನಾನೂ ಒಂದು ಹೂವಿನ ಚಿತ್ರ ಹಾಕ್ದೆ.

ಆಮ್ಯಾಲ ಕುಂತು ವಿಚಾರ ಮಾಡ್ದೆ. ಮನಿ ಎಳಕೊಂಡು ಹೋಗೋದು ನೋಡ್ಲಿಕ್ಕ ಅಮೆರಿಕಾತನಕ ಯಾಕ ಹೋಗಬೇಕು? ದೀಪಾವಳಿ ಹಿಂದ ಮುಂದ ನಮ್ಮ ರಸ್ತಾಕ್ಕ ನಿಂತ್ರ ಸಾಕು. ಆಳಂದ ತಾಲೂಕಿನ ಭೂಸನೂರ, ಅಫಜಲಪುರ ತಾಲೂಕಿನ ಹಾವಳಗಾ ಎರಡೂ ಕಡಿ ಸಕ್ಕರಿ ಕಾರ್ಖಾನಿ ಅವ. ಭೀಮಾ ದಂಡಿಗಿ ಜೇವರ್ಗಿತನಕ ಕಬ್ಬು ಅದ. ಕಬ್ಬು ಕಡಿಯೋ ಟೋಳಿ ಬರ್ತಾವಲ್ಲ, ಒಂದು ಟ್ರ್ಯಾಕ್ಟರಿಗಿ ಹಿಂದ ಎರಡು ಟ್ರಾಲಿ. ಅದರಾಗೇ ಬಿದಿರ ಗಳ, ತಾಡಪತ್ರಿ, ಚಾಪಿ, ಭಾಂಡಿ, ಜ್ವಾಳದ ಚೀಲ, ಬುಟ್ಟ್ಯಾಗ ಕೋಳಿ, ಹಗ್ಗಕ್ಕ ಕಟ್ಟಿದ ಆಡು. ಅದರ ಮ್ಯಾಲ ಮುದುಕಿ, ಮುದುಕಿ ತೊಡಿ ಮ್ಯಾಲ ಕೂಸು. ಕೆಲವರು ಬೀಡ, ಲಾತೂರ ಕಡಿಯವರು, ಕೆಲವರು ನಮ್ಮ ತಾಂಡಾದವರೇ. ಮನಿಗಿ ಮನೀನೇ ಗಾಲಿ ಮ್ಯಾಲ ಕುಂತಿರ್ತದ. ಹೊಲದ ಬಾಜು ಇಳದು ಗಳ ನೆಟ್ಟು, ರವದಿ ಹೊಚ್ಚಿ, ಕತ್ತಲಾಗೋದ್ರೊಳಗ ಮೂರು ಕಲ್ಲಿನ ಒಲಿ ಹಚ್ಚತಾರ. ಮಂದಿ ತುಂಬಿದ ಟ್ರಾಲಿ ರಾತ್ರಿ ರಸ್ತಾದಾಗ ಹೊಂಟ್ರ ಹಿಂದೊಂದು ಕೆಂಪು ದೀಪಾನೂ ಇರಂಗಿಲ್ಲ. ಅಲ್ಲಿ ಖಾಲಿ ಕಟಗಿ ಮನಿಗೇ ಅಷ್ಟು ಕಾಯ್ದೆ, ಇಲ್ಲಿ ಜೀವದ ಕಾಳಜಿ ಯಾರಿಗೂ ಇಲ್ಲ.

ಇದಕ್ಕ ನಾವು ಹೂವಿನ ಚಿತ್ರ ಹಾಕಂಗಿಲ್ರಿ. "ಬಂದ್ರು ನೋಡ್ರಿ, ನಳಕ್ಕ ಕೀಲಿ ಹಾಕ್ರಿ" ಅಂತೀವಿ. ಸುಳ್ಳಾ? ಹತ್ತು ವರ್ಷದ ಹಿಂದ ನಾನೇ ಹಾಕೀನಿ. ಮಧ್ಯಾನ ಒಬ್ಬಾಕಿ, ನನ್ನ ಮಗಳ ವಯಸ್ಸಿನಾಕಿ, ಕೊಡ ಹಿಡಕೊಂಡು ಬೋರ್ ಮುಂದ ನಿಂತಿದ್ಲು. "ಮೋಟಾರ್ ಕೆಟ್ಟದ" ಅಂದೆ. ಆಕಿ ಒಳಗ ಮೋಟಾರಿನ ಸಪ್ಪಳ ಕೇಳ್ಯಾಳ, ಏನೂ ಅನ್ನಲಿಲ್ಲ, ಹ್ವಾದಳು. ಆ ಸಪ್ಪಳ ಇನ್ನೂ ನನ್ನ ಕಿವ್ಯಾಗ ಅದ.

ನಮ್ಮ ಮಾತು ಒಂದೊಂದಾಗಿ ತಗೋರಿ. ಅವರು ಗಲೀಜು ಮಾಡ್ತಾರ ಅಂತೀರಿ. ಹೌದ್ರಿ, ಬಯಲಿಗೇ ಹೋಗ್ತಾರ. ಮತ್ತೆಲ್ಲಿ ಹೋಗಬೇಕು? ಹೆಣ್ಮಕ್ಕಳು ನಸಕಿನ್ಯಾಗ ನಾಕಕ್ಕ ಎದ್ದು ಕತ್ತಲಿದ್ದಾಗೇ ಮುಗಿಸಬೇಕು, ಇಲ್ಲಂದ್ರ ಸಂಜಿತನಕ ತಡಕೋಬೇಕು. ನೀರು ಕಡಿಮಿ ಕುಡಿತಾರ, ಅದಕ್ಕೇ. ಜಳಕಕ್ಕ ಸೀರಿ ಮರಿ ಕಟ್ಟತಾರ. ಮುಟ್ಟಾದಾಗಿನ ಮಾತು ನಿಮಗ ನಾ ಹೇಳಬೇಕಾ? ಗಂಡ ಹೆಂಡ್ತಿ ಇಬ್ಬರೂ ಸೇರಿ ಒಂದು "ಕೊಯ್ತಾ" ಲೆಕ್ಕ, ಅಂದ್ರ ಎರಡು ಜೀವಕ್ಕ ಒಂದು ಕುಡಗೋಲಿನ ಹೆಸರು. ಮುಂಗಡ ಗಂಡನ ಕೈಗಿ ಬರ್ತದ, ಕಟ್ಟು ಹೊತ್ತು ಹಲಗಿ ಏರಿ ಟ್ರಾಲಿ ತುಂಬೋದು ಹೆಂಡ್ತಿನೂ ಮಾಡಬೇಕು. ಒಂದು ದಿನ ಮಲಗಿದ್ರ ರೊಕ್ಕ ಮುರಕೋತಾರ. ಬೀಡ ಜಿಲ್ಲಾದಾಗ 2019ರಾಗ ಮಹಾರಾಷ್ಟ್ರ ಸರ್ಕಾರ ತಪಾಸ ಮಾಡಿಸಿದಾಗ, ಕಬ್ಬು ಕಡಿಯೋ 82 ಸಾವಿರಕ್ಕಿಂತ ಹೆಚ್ಚು ಹೆಣ್ಮಕ್ಕಳೊಳಗ 13 ಸಾವಿರಕ್ಕಿಂತ ಹೆಚ್ಚು ಮಂದಿ ಗರ್ಭಚೀಲ ತಗಸಿಕೊಂಡಿದ್ದರು. ಚೀಲ ತಗಸಿದ್ರ ರಜಾ ಬೀಳಂಗಿಲ್ಲ! ನಾವು ಚಹಾಕ್ಕ ಹಾಕೋ ಸಕ್ಕರಿ ಇದ್ರಿ ಇದು.

ಕಳುವು ಆಗ್ತದ ಅಂತೀರಿ. ನಮ್ಮ ಓಣ್ಯಾಗ ಹ್ವಾದ ಸಾಮಾನು ಯಾವ ಯಾವ ತಿಂಗಳು ಹೋಗ್ಯಾವ, ನೆನಸ್ರಿ. ಆಷಾಢದಾಗ ಯಾವ ಟೋಳಿ ಬಂದಿತ್ತು? ಇಷ್ಟೇ ಹೇಳ್ತೀನಿ, ಜಗಳ ಬ್ಯಾಡ.

ಇನ್ನ "ಅದು ನಮ್ಮ ಕೆಲಸ ಅಲ್ಲ" ಅನ್ನೋದು. ಹೊಲದವರು ಮುಕಾದಮನ ಕಡಿ ಬೊಟ್ಟು ಮಾಡ್ತಾರ, ಮುಕಾದಮ ಕಾರ್ಖಾನಿ ಕಡಿ, ಕಾರ್ಖಾನಿಯವರು ಮತ್ತ ಮುಕಾದಮನ ಕಡಿ. ಹೊರ ರಾಜ್ಯದಿಂದ ದುಡೀಲಿಕ್ಕ ಕರಕೊಂಡು ಬಂದವರಿಗಿ ಇರ್ಲಿಕ್ಕ ಜಾಗಾ, ಔಷಧ, ಹೋಗಿ ಬರೋ ಖರ್ಚು ಕರಕೊಂಡು ಬಂದಾವನೇ ಕೊಡಬೇಕು ಅಂತ 1979ರಾಗೇ ಕೇಂದ್ರದ ಕಾಯ್ದೆ ಆಗಿತ್ತು. ನನ್ನ ಕಣ್ಣಿಗಿ ಕಂಡದ್ದು ಬರೇ ರವದಿ ಗುಡಸಲು.

ಮತ್ತ ನಾವೇನು ಗುಳೆ ಹೋಗದ ಮಂದೀನಾ? ಮಳಿ ಕೈಕೊಟ್ಟ ವರ್ಷ ಆಳಂದದ ತಾಂಡಾ, ಹಳ್ಳಿ ಎಷ್ಟು ಖಾಲಿ ಆಗಿಲ್ಲ? ಪುಣೆ, ಮುಂಬೈನ್ಯಾಗ ಕಟ್ಟೋ ಬಿಲ್ಡಿಂಗ್ ಬಾಜು ತಗಡಿನ ಶೆಡ್ಡಿನ್ಯಾಗ ಇರೋರು ನಮ್ಮವರೇ. ಅಲ್ಲಿ ಯಾರೋ ಕಾಕು ನಳ ಬಿಟ್ಟಿದ್ದಕ್ಕೇ ನಮ್ಮ ಕೂಸುಗಳು ನೀರು ಕುಡದಾವ.

ಮಗಳು ಮೊನ್ನಿ "ನೋಮ್ಯಾಡ್‌ಲ್ಯಾಂಡ್" ಅಂತ ಒಂದು ಸಿನಿಮಾ ತೋರಿಸಿದ್ಲು. 2021ರಾಗ ಅದಕ್ಕ ಆಸ್ಕರ್ ಬಂದದ. ಮನಿ ಕಳಕೊಂಡ ಅಮೆರಿಕಾದ ಒಬ್ಬಾಕಿ, ನನ್ನಕಿಂತ ಹಿರೇಕಿ, ವ್ಯಾನಿನ್ಯಾಗೇ ಸಂಸಾರ ಇಟ್ಟು ಊರೂರು ತಿರಗತಾಳ. ಆಕಿ ಹೋಗೋ ಕೆಲಸದಾಗ ಒಂದು ಏನ್ ಗೊತ್ತಾ? ಸಕ್ಕರಿ ಮಾಡೋ ಬೀಟ್ ಗಡ್ಡಿ ಸುಗ್ಗಿ. ಅಲ್ಲೂ ಗಾಲಿ ಮ್ಯಾಲ ಮನಿ, ಅಲ್ಲೂ ಸಕ್ಕರಿ! ವಿಡಿಯೋದವರು ಛಂದಕ್ಕ ಹೊಂಟಾರ, ಈಕಿ ಹೊಟ್ಟಿಗಿ ಹೊಂಟಾಳ. ಹೊಟ್ಟಿಗಿ ಹೊಂಟಾಕಿಗಿ ಹೂವಿನ ಚಿತ್ರ ಯಾರೂ ಹಾಕಂಗಿಲ್ಲ.

ಹ್ವಾದ ಸಲದಿಂದ ನಮ್ಮ ಬೋರಿನ ನಳ ಮುಂಜಾನೆ ಐದರಿಂದ ಆರು, ಸಂಜಿ ಒಂದು ತಾಸು ಬಿಡ್ಲಿಕತ್ತೀವಿ. ಮನಿಯವರು ಮೊದಲ ಗುರ್ರ್ ಅಂದ್ರು, ಕರೆಂಟ್ ಬಿಲ್ ನೋಡಿ ಸುಮ್ಮಾದ್ರು. ಆದ್ರ ಒಂದು ಮನಿ ನಳದಿಂದ ನಲವತ್ತು ಮಂದಿಗಿ ಆಗಂಗಿಲ್ಲ. ಕುಡಿಯೋ ನೀರಿನ ಟಾಕಿ, ಹೆಣ್ಮಕ್ಕಳಿಗಿ ಎರಡು ಸಂಡಾಸ, ಟ್ರಾಲಿ ಹಿಂದ ಹೊಳಿಯೋ ಕೆಂಪು ಪಟ್ಟಿ, ಕೂಸುಗಳಿಗಿ ನಮ್ಮ ಅಂಗನವಾಡ್ಯಾಗ ಜಾಗಾ. ಟೋಳಿ ಬಂದಮ್ಯಾಲ ಕೇಳಿದ್ರ "ಮುಂದಿನ ವರ್ಷ ನೋಡೋಣ" ಅಂತಾರ, ಅದಕ್ಕ ದಸರಾ ಮುಂಚೇನೇ ಪಂಚಾಯ್ತಿಗಿ ಅರ್ಜಿ ಕೊಡಬೇಕು. ಅರ್ಜಿ ನಾ ಬರದೀನಿ. ಸಹಿಗಿ ಹತ್ತು ಮಂದಿ ಬೇಕು, ಇಲ್ಲಿತನಕ ನಾನು, ಸಣ್ಣ ವೈನಿ, ಮೂಲಿ ಮನಿ ಅಕ್ಕ, ಮೂರೇ ಆಗ್ಯಾವ. ವಿಡಿಯೋಕ್ಕ ಛಂದ ಅಂದ ಹತ್ತು ಮಂದಿ ಯಾರ್ಯಾರು ಅಂತ ನನಗ ಗೊತ್ತದ, ಸೋಮವಾರ ಊಟ ಆದಮ್ಯಾಲ ನಮ್ಮ ಪಡಸಾಲಿಗಿ ಬರ್ರಿ.