ನಗರವನ್ನು ಗೆದ್ದರು, ನಾಡನ್ನು ಕಳೆದುಕೊಂಡರು

ಪರಕೀಯ ಸೇನೆಯೊಂದು ಯಾವುದೋ ನಗರದಲ್ಲಿ ಬಂಡಾಯವನ್ನು ಅಡಗಿಸಿ, ಶಾಂತಿ ನೆಲೆಗೊಂಡಿತೆಂದು ಸಾರಿದೊಡನೆ ಅದನ್ನೇ ವಿಜಯವೆಂದು ಎಣಿಸುವವರು ಇಂದಿಗೂ ಕಡಮೆಯಿಲ್ಲ. ಅಂಥವರು 1957ರ ಆಲ್ಜಿಯರ್ಸ್ ಕಾಳಗದ ವೃತ್ತಾಂತವನ್ನು ಒಮ್ಮೆ ಅವಲೋಕಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

1830ರಿಂದ ಫ್ರೆಂಚರ ವಶದಲ್ಲಿದ್ದ ಅಲ್ಜೀರಿಯಾದಲ್ಲಿ ರಾಷ್ಟ್ರೀಯ ವಿಮೋಚನಾ ರಂಗವು 1954ರ ನವೆಂಬರಿನಲ್ಲಿ ಸಶಸ್ತ್ರ ಹೋರಾಟವನ್ನು ಹೂಡಿತು. ಎರಡು ವರ್ಷಗಳೊಳಗೆ ಅದರ ಜ್ವಾಲೆ ರಾಜಧಾನಿಯ ಹಳೆಯ ಪೇಟೆಯಾದ ಕಾಸ್ಬಾದ ಇಕ್ಕಟ್ಟಾದ ಓಣಿಗಳಿಗೂ ಹಬ್ಬಿತು. 1956ರ ಆಗಸ್ಟ್ 10ರಂದು ಯುರೋಪಿಯನ್ ಉಗ್ರರು ಕಾಸ್ಬಾದಲ್ಲಿ ಸಿಡಿಸಿದ ಬಾಂಬಿಗೆ ಹತ್ತಾರು ನಿವಾಸಿಗಳು ಬಲಿಯಾದರು. ಸೆಪ್ಟೆಂಬರ್ 30ರಂದು ವಿಮೋಚನಾ ರಂಗದ ಯುವತಿಯರು ಯುರೋಪಿಯನ್ನರು ಸೇರುತ್ತಿದ್ದ ಮಿಲ್ಕ್ ಬಾರ್ ಮತ್ತು ಕೆಫೆಟೇರಿಯಾ ಎಂಬ ಉಪಾಹಾರಗೃಹಗಳಲ್ಲಿ ಬಾಂಬುಗಳನ್ನಿರಿಸಿದರು. ಸ್ವಾತಂತ್ರ್ಯದ ಧ್ಯೇಯವು ಎಷ್ಟೇ ಪವಿತ್ರವಾಗಿರಲಿ, ಈ ಕೃತ್ಯವನ್ನು ನಾವು ಸಮರ್ಥಿಸಲಾರೆವು. ತಿಂಡಿಯ ಮೇಜಿನ ಮುಂದೆ ಕುಳಿತವನು ಗಿರಾಕಿಯೇ ಹೊರತು ಶತ್ರುವಲ್ಲವೆಂಬುದನ್ನು ಹೋಟೆಲುಗಳಲ್ಲಿ ದುಡಿಯುವ ನಮ್ಮ ಬಂಧುಗಳು ಚೆನ್ನಾಗಿ ಬಲ್ಲರು.

1957ರ ಜನವರಿ 7ರಂದು ಸರಕಾರವು ನಗರದ ಪೋಲೀಸು ಅಧಿಕಾರವನ್ನೆಲ್ಲ ಜನರಲ್ ಮಾಸ್ಯೂ ಅವರ ಪ್ಯಾರಾಶೂಟ್ ದಳಕ್ಕೆ ಒಪ್ಪಿಸಿತು. ಅದೇ ತಿಂಗಳ 28ರಂದು, ವಿಶ್ವಸಂಸ್ಥೆಯ ಗಮನ ಸೆಳೆಯಲೆಂದು, ವಿಮೋಚನಾ ರಂಗವು ಎಂಟು ದಿನಗಳ ಹರತಾಳಕ್ಕೆ ಕರೆಯಿತ್ತಿತು. ಸೈನಿಕರು ಮುಚ್ಚಿದ ಅಂಗಡಿಗಳ ಬಾಗಿಲುಗಳನ್ನು ಕಿತ್ತೆಸೆದರು. ಕೂಲಿಕಾರರನ್ನು ಮನೆಗಳಿಂದೆಳೆದು ಲಾರಿಗಳಲ್ಲಿ ತುಂಬಿ ಕೆಲಸಕ್ಕೆ ಒಯ್ದರು. ಹರತಾಳ ಮುರಿಯಿತು. ಆದರೆ ಬಲವಂತದಿಂದ ತೆರೆಸಿದ ಅಂಗಡಿಯು ಒಡೆಯನ ಸಮ್ಮತಿಗೆ ಸಾಕ್ಷಿಯಾದೀತೆ?

ಬಳಿಕ ನಡೆದುದು ಇನ್ನೂ ಘೋರ. ವಿಚಾರಣೆಯ ಹೆಸರಿನಲ್ಲಿ ಬಂದಿಗಳಿಗೆ ವಿದ್ಯುದಾಘಾತ, ಜಲಹಿಂಸೆಗಳು ನಿತ್ಯಕ್ರಮವಾದವು. ಫೆಬ್ರವರಿಯಲ್ಲಿ ಸೆರೆಸಿಕ್ಕ ನಾಯಕ ಲಾರ್ಬಿ ಬೆನ್ ಎಂಹಿದಿ ಆತ್ಮಹತ್ಯೆ ಮಾಡಿಕೊಂಡರೆಂದು ಸೇನೆ ಪ್ರಕಟಿಸಿತು. ಹಿಂದೆ ನಾಜಿಗಳ ಕೈಯಲ್ಲಿ ತಾವೇ ಚಿತ್ರಹಿಂಸೆಯುಂಡಿದ್ದ ಪೋಲೀಸು ಕಾರ್ಯದರ್ಶಿ ಪೋಲ್ ತೇತ್‌ಜೆನ್ ಅವರು ಬಂದಿಗಳ ಮೈಮೇಲೆ ಅದೇ ಗುರುತುಗಳನ್ನು ಕಂಡು ರಾಜೀನಾಮೆಯಿತ್ತರು. ಈ ವಿಧಾನಗಳನ್ನು ಪ್ರತಿಭಟಿಸಿದ ಜನರಲ್ ಬೊಲಾರ್ಡಿಯೇರ್ ಅವರಿಗೆ ದೊರೆತುದು 60 ದಿನಗಳ ಸೆರೆವಾಸ. ಹಿಂಸಿಸಿದವರಿಗೆ ಪದಕ, ಬೇಡವೆಂದವರಿಗೆ ದಂಡನೆ!

ಅಕ್ಟೋಬರ್ 8ರಂದು ಸೈನಿಕರು ಅಲಿ ಲಾ ಪ್ವಾಂತ್ ಅಡಗಿದ್ದ ಮನೆಯನ್ನೇ ಸ್ಫೋಟಿಸಿದರು. ನೆರೆಮನೆಯವರೂ ಮಕ್ಕಳೂ ಅಸುನೀಗಿದರು. ಆ ನಂತರ ನಗರದಲ್ಲಿ ಬಾಂಬುಗಳು ನಿಂತವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಹಿಂಸೆಯ ಮಾರ್ಗವು ಫಲಿಸಿತೆಂದು ವಾದಿಸುವವರ ಆಧಾರವೂ ಇದೇ. ಆದರೆ ಆ ಫಲದ ಆಯುಸ್ಸು ಎಷ್ಟು? 1960ರ ಡಿಸೆಂಬರಿನಲ್ಲಿ ಅದೇ ಓಣಿಗಳಿಂದ ಸಾವಿರಾರು ಸ್ತ್ರೀಪುರುಷರು ಬಾವುಟ ಹಿಡಿದು ಬೀದಿಗಿಳಿದರು. 1962ರ ಜುಲೈಯಲ್ಲಿ ಅಲ್ಜೀರಿಯಾ ಸ್ವತಂತ್ರವಾಯಿತು. ಪ್ರತಿಯೊಂದು ಮನೆಯಿಂದಲೂ ಒಬ್ಬನನ್ನು ಎಳೆದೊಯ್ದವರು ಆ ಮನೆಯ ಉಳಿದವರನ್ನೆಲ್ಲ ತಮ್ಮ ವಿರೋಧಿಗಳನ್ನಾಗಿ ಮಾಡಿಕೊಂಡಿದ್ದರು.

ಸತ್ಯವೂ ಹೂತಲ್ಲಿ ಉಳಿಯಲಿಲ್ಲ. ಬೆನ್ ಎಂಹಿದಿ ಅವರನ್ನು ಕೊಂದವರು ತಾವೇ ಎಂದು ಜನರಲ್ ಒಸಾರೆಸ್ 2001ರಲ್ಲಿ ಒಪ್ಪಿಕೊಂಡರು. ಫ್ರಾನ್ಸಿನ ಅಧ್ಯಕ್ಷರು ಅದನ್ನು ಅಂಗೀಕರಿಸಿದುದು 2024ರಲ್ಲಿ. ಅರುವತ್ತೇಳು ವರ್ಷಗಳ ಕಾಲ ಒಂದು ರಾಷ್ಟ್ರವು ತನ್ನ ಸುಳ್ಳಿನ ಹೊರೆಯನ್ನು ಹೊತ್ತಿತು.

ಆದುದರಿಂದ, ಯಾವುದೇ ನಗರದಲ್ಲಿ ಸುವ್ಯವಸ್ಥೆ ಮರಳಿತೆಂಬ ವಾರ್ತೆಯನ್ನು ಓದಿದಾಗ, ಅದು ಯಾವ ಬೆಲೆಗೆ ಮರಳಿತೆಂದು ಕೇಳುವ ರೂಢಿಯನ್ನು ನಮ್ಮ ವಾಚಕರು ಬೆಳೆಸಿಕೊಳ್ಳಬೇಕು. ಊರನ್ನು ಗೆಲ್ಲುವುದು ಬೇರೆ, ಊರವರನ್ನು ಗೆಲ್ಲುವುದು ಬೇರೆ. ಮೊದಲನೆಯದಕ್ಕೆ ಸೈನ್ಯ ಸಾಕು. ಎರಡನೆಯದಕ್ಕೆ ನ್ಯಾಯ ಬೇಕು.