ನೀರು ಇಳೀತು, ಕರೆಂಟು ಹತ್ತಿತು

ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಗಣಿಗೆ ಹೋಯ್ತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು ಅಂತ ಮಕ್ಕಳಿಗೆ ಉರು ಹೊಡೆಸುತ್ತೇವೆ. ಆ ಗಣಿಯ ಕತ್ತಲೆಗೆ ಇಳಿದವರು ಯಾರು ಅಂತ ಮಾತ್ರ ಹೇಳಿಕೊಡೋದಿಲ್ಲ.

ಅದಕ್ಕೂ ಹಳೆಯದು ಡಾರ್ಜಿಲಿಂಗಿನ ಸಿದ್ರಾಪಾಂಗ್. ಸಣ್ಣದು: 65 ಕಿಲೋವ್ಯಾಟಿನ ಎರಡು ಯಂತ್ರ, ಅಷ್ಟೇ. 1897ರ ನವೆಂಬರ್ 10ರಂದು ಶುರುವಾಯ್ತು. ಬಂಗಾಳ ಸರ್ಕಾರದ ಸಾಹೇಬರು ಸೆಕೆ ತಾಳದೆ ಹತ್ತಿ ಕೂರುತ್ತಿದ್ದ ಬೆಟ್ಟದೂರಿಗೆ ದೀಪ ಬೇಕಾಗಿತ್ತು.

ವಿದ್ಯುತ್ ಮನೆ ಇದ್ದದ್ದು ಊರಿಗಿಂತ ಎಷ್ಟೋ ಕೆಳಗೆ, ಚಹಾ ತೋಟದ ಬುಡದಲ್ಲಿ. ಬೆಟ್ಟದ ಝರಿ ಕೆಳಗಿಳಿದು ಯಂತ್ರ ತಿರುಗಿಸಿತು. ನೀರು ಇಳೀತು, ಕರೆಂಟು ಮಾತ್ರ ತೋಟ ದಾಟಿ ಮೇಲಕ್ಕೇ ಹತ್ತಿತು! ಈ ಹಾದಿ ನಮಗೆ ಗೊತ್ತಿಲ್ಲದ್ದೇ? ಕೇರಿಯ ನೆತ್ತಿ ಮೇಲೆ ಹಾದುಹೋದ ತಂತಿಯನ್ನು ಬುಡ್ಡಿದೀಪ ಹಿಡಿದು ನೋಡಿದವರು ನಾವು.

ಉದ್ಘಾಟನೆ ಮಾಡಿದ ಹಂಗಾಮಿ ಲೆಫ್ಟಿನೆಂಟ್ ಗವರ್ನರ್ ಸ್ಟೀವನ್ಸ್ ಹೆಸರು ನಾವು ಓದಿದ ಚರಿತ್ರೆಯಲ್ಲಿದೆ. ಕಾಲುವೆ ಅಗೆದವರ, ಕಲ್ಲು ಹೊತ್ತವರ ಒಂದು ಹೆಸರೂ ಅದರಲ್ಲಿಲ್ಲ. ಈಗ ಆ ಮನೆಯನ್ನು ಪರಂಪರೆ ಅಂತಾರೆ. ಆಗಲಿ. ಕೂಲಿಯವರ ಹಾಜರಿಪಟ್ಟಿ ಎಲ್ಲಿಟ್ಟಿದ್ದೀರಿ ಸ್ವಾಮಿ? ಮೇಷ್ಟ್ರೇ, ನಾಳೆ ಬೋರ್ಡಿನ ಮೇಲೆ 1897 ಅಂತ ಬರೆಯೋ ಮೊದಲು ಅದನ್ನೂ ಕೇಳಿ.